ಬೆರಕೆಬೀಜದ ಹೂಗಿಡವೂ ಸ್ವರ್ಣಕ್ಷೀರೀ ಶಬ್ದವೂ

೧

ಒಂದು ಜಾತಿಯ ಬೀಜವೆಂದು ಬಿತ್ತಿದ ನೆಲದಲ್ಲಿ ಬೇರೊಂದು ಗಿಡವು ಹುಟ್ಟಿ ಹೂಬಿಟ್ಟರೆ, ಅದು ಯಾವುದೆಂದು ನಿರ್ಣಯಿಸುವ ಕ್ರಮವೇನು? ಈ ಪ್ರಶ್ನೆಯು ಒಕ್ಕಲಿಗನಿಗೂ ವೈದ್ಯನಿಗೂ ಮಾತ್ರ ಸಂಬಂಧಿಸಿದುದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಪ್ರಾಚೀನ ಗ್ರಂಥಗಳಿಗೆ ಟೀಕೆ ಬರೆಯುವವರೂ, ನಿಘಂಟುಗಳನ್ನು ಸಂಕಲಿಸುವವರೂ, ಪಾಠಶಾಲೆಗಳಲ್ಲಿ ಕಾವ್ಯವನ್ನು ಬೋಧಿಸುವವರೂ ದಿನದಿನವೂ ಇದೇ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರ ಮುಂದಿರುವುದು ನೆಲದಲ್ಲಿ ಹುಟ್ಟಿದ ಗಿಡವಲ್ಲ, ಗ್ರಂಥದಲ್ಲಿ ಕಾಣುವ ಹೆಸರು, ಇಷ್ಟೇ ಭೇದ. ಹೆಸರಿಗೆ ಗಿಡವನ್ನು ಹುಡುಕುವುದೂ ಗಿಡಕ್ಕೆ ಹೆಸರನ್ನು ಹುಡುಕುವುದೂ ಒಂದೇ ವ್ಯಾಪಾರದ ಎರಡು ಮುಖಗಳು. ಒಂದರಲ್ಲಿ ತಪ್ಪಿದರೆ ಇನ್ನೊಂದರಲ್ಲಿಯೂ ತಪ್ಪು ತಪ್ಪದು.

ಇದಕ್ಕೆ ಉತ್ತಮವಾದ ಉದಾಹರಣೆಯು ಸಾಸಿವೆಯ ಕಾಳಿನೊಡನೆ ಬೆರೆತು ಬರುವ, ಹಳದಿಯ ಹೂವಿನ ಒಂದು ಮುಳ್ಳುಗಿಡ. ಕನ್ನಡನಾಡಿನಲ್ಲಿ ದಾರಿಯ ಬದಿಗಳಲ್ಲಿಯೂ ಪಾಳುಬಿದ್ದ ಹೊಲಗಳಲ್ಲಿಯೂ ಇದು ಧಾರಾಳವಾಗಿ ಬೆಳೆಯುತ್ತದೆ. ದತ್ತೂರಿಗಿಡ, ಅರಿಶಿನ ಉಮ್ಮತ್ತ ಎಂದು ಇದಕ್ಕೆ ಹೆಸರುಂಟು. ಸಸ್ಯಶಾಸ್ತ್ರಜ್ಞರು ಇದನ್ನು ಆರ್ಜಿಮೋನೆ ಮೆಕ್ಸಿಕಾನ ಎಂದು ಕರೆಯುತ್ತಾರೆ. ಉತ್ತರದ ಪ್ರಾಂತಗಳಲ್ಲಿ ಸಾಸಿವೆಯು ಚಳಿಗಾಲದ ಬೆಳೆಯಾದುದರಿಂದ, ಅದೇ ಋತುವಿನಲ್ಲಿ ಹೂತು ಕಾಯುವ ಈ ಕಳೆಯ ಬೀಜವು ಕಣದಲ್ಲಿ ಸಾಸಿವೆಯೊಡನೆ ಸುಲಭವಾಗಿ ಸೇರಿಹೋಗುತ್ತದೆ. ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಎರಡಕ್ಕೂ ಬಹಳ ಹೋಲಿಕೆಯಿರುವುದರಿಂದ ಲಾಭದ ಆಸೆಗಾಗಿ ಬೇಕೆಂದು ಬೆರಸುವವರೂ ಉಂಟು.

ಈ ಬೆರಕೆಯು ಅಲ್ಪವಾದ ವಿಷಯವಲ್ಲ. ಕಾಲು ಬಾತು, ಉಸಿರು ಕಟ್ಟಿ, ಹೃದಯವು ದುರ್ಬಲವಾಗಿ, ಕೆಲವರಿಗೆ ಕಣ್ಣಿನ ಒತ್ತಡವೂ ಹೆಚ್ಚಿ ನರಳುವ ಒಂದು ಸಾಮೂಹಿಕ ಶೋಫರೋಗವನ್ನು ೧೮೭೭ರಲ್ಲಿ ಕಲ್ಕತ್ತೆಯಲ್ಲಿ ವೈದ್ಯರು ಮೊದಲು ಗುರುತಿಸಿದರು. ಇದು ಬೆರಿಬೆರಿಯೆಂಬ ಬೇರೊಂದು ವ್ಯಾಧಿಯೇ ಇರಬೇಕೆಂದು ಕೆಲವರೂ, ಕೆಟ್ಟ ಅಕ್ಕಿಯೇ ಇದಕ್ಕೆ ಕಾರಣವೆಂದು ಕೆಲವರೂ ಬಹುಕಾಲ ಭಾವಿಸಿದ್ದರು. ೧೯೨೬ರಲ್ಲಿ ಈ ಗಿಡದ ಬೀಜದೆಣ್ಣೆಯ ಮೇಲೆ ಸಂಶಯವು ಬಿದ್ದಿತು. ಮುಂದಿನ ದಶಕದ ಪ್ರಯೋಗಗಳಿಂದ ಅದು ದೃಢಪಟ್ಟಿತು. ಬೀಜದಲ್ಲಿರುವ ಸ್ಯಾಂಗ್ವಿನೇರಿನ್ ಮೊದಲಾದ ವಿಷಗಳು ಸೂಕ್ಷ್ಮರಕ್ತನಾಳಗಳನ್ನು ಹಿಗ್ಗಿಸಿ ದ್ರವವು ಹೊರಕ್ಕೆ ಒಸರುವಂತೆ ಮಾಡುತ್ತವೆ. ಬಾವಿಗೆ ಇದೇ ಕಾರಣ. ಇಷ್ಟು ತಿಳಿದ ಮೇಲೆಯೂ ೧೯೯೮ರಲ್ಲಿ ದೆಹಲಿಯಲ್ಲಿ ಬೆರಕೆಯ ಸಾಸಿವೆಯೆಣ್ಣೆಯಿಂದ ೬೦ಕ್ಕೂ ಹೆಚ್ಚು ಮಂದಿ ಮೃತರಾದರು. ಕನ್ನಡನಾಡಿನಲ್ಲಿ ಸಾಸಿವೆಯು ಮುಖ್ಯವಾಗಿ ಒಗ್ಗರಣೆಗೆ ಬಳಕೆಯಾಗುವುದೇ ಹೊರತು ಅದರ ಎಣ್ಣೆಯು ಅಡುಗೆಯ ಮುಖ್ಯ ಜಿಡ್ಡಲ್ಲ. ಆದರೂ ಕಾಳು ಬರುವುದು ಒಂದೇ ಪೇಟೆಯಿಂದಾದುದರಿಂದ ಉದಾಸೀನವು ಸಲ್ಲದು.

೨

ಮೊದಲು ಬೀಜವನ್ನು ವಿಚಾರಿಸತಕ್ಕದ್ದು. ಭಾರತೀಯರಿಗೆ ಸಾಸಿವೆಯ ಕಾಳು ಕೇವಲ ಆಹಾರದ್ರವ್ಯವಾಗಿರಲಿಲ್ಲ, ಮಾನವೂ ಆಗಿತ್ತು. ಮನುಸ್ಮೃತಿಯ ಎಂಟನೆಯ ಅಧ್ಯಾಯದ ತೂಕದ ಲೆಕ್ಕದಲ್ಲಿ ೩ ಲಿಕ್ಷೆಗಳಿಗೆ ಒಂದು ರಾಜಸರ್ಷಪ, ೩ ರಾಜಸರ್ಷಪಗಳಿಗೆ ಒಂದು ಗೌರಸರ್ಷಪ, ೬ ಗೌರಸರ್ಷಪಗಳಿಗೆ ಒಂದು ಮಧ್ಯಮ ಯವ ಎಂದು ಹೇಳಿದೆ. ಕರಿಯ ಸಾಸಿವೆಗೂ ಬಿಳಿಯ ಸಾಸಿವೆಗೂ ಇರುವ ತಾರತಮ್ಯವನ್ನು ಹೀಗೆ ಲೆಕ್ಕಕ್ಕೆ ತಂದವರು ಕಾಳುಗಳನ್ನು ಎಚ್ಚರದಿಂದ ನೋಡಿದವರೆಂಬುದರಲ್ಲಿ ಸಂದೇಹವಿಲ್ಲ. ಅದೇ ಎಚ್ಚರವು ಇಲ್ಲಿಯೂ ಬೇಕು.

ದತ್ತೂರಿಯ ಬೀಜವು ಸಾಸಿವೆಯಂತೆಯೇ ದುಂಡಾಗಿ, ಕಪ್ಪುಮಿಶ್ರಿತವಾದ ಕಂದುಬಣ್ಣದ್ದಾಗಿದೆ. ಭೂತಗನ್ನಡಿಯಿಂದ ನೋಡಿದರೆ ಅದರ ಮೈಮೇಲೆ ಬಲೆಯಂತೆ ಹೆಣೆದ ಗೆರೆಗಳೂ ನಡುವೆ ತಗ್ಗುಗಳೂ ಸ್ಪಷ್ಟವಾಗಿ ಕಾಣುತ್ತವೆ. ಒಂದು ಪಕ್ಕದಲ್ಲಿ ಸಣ್ಣ ಏಣೂ ಇದೆ. ಸಾಸಿವೆಯ ಕಾಳು ಬರಿಗಣ್ಣಿಗೆ ನುಣುಪಾಗಿ ತೋರುತ್ತದೆ. ಆದರೆ ಭೂತಗನ್ನಡಿಯಲ್ಲಿ ಕೆಲವು ಜಾತಿಯ ಸಾಸಿವೆಗಳಲ್ಲಿಯೂ ನವುರಾದ ಬಲೆಗೆರೆಯು ಕಾಣುವುದುಂಟು. ಆದುದರಿಂದ ಬಲೆಗೆರೆಯನ್ನು ಮಾತ್ರ ಹಿಡಿದು ತೀರ್ಮಾನಿಸಕೂಡದು. ಗೆರೆಯ ಉಬ್ಬು, ತಗ್ಗಿನ ಆಳ, ಪಕ್ಕದ ಏಣು ಇವುಗಳನ್ನು ಒಟ್ಟಿಗೆ ನೋಡಬೇಕು.

ಬೀಜದಲ್ಲಿ ಸಂಶಯವು ಉಳಿದರೆ ಅದನ್ನು ಬಿತ್ತಿ ನೋಡುವುದು ಸಹಜವಾದ ಉಪಾಯ. ಮೊಳಕೆಯಲ್ಲಿ ಭೇದವು ಸ್ಫುಟವಾಗುತ್ತದೆ. ಸಾಸಿವೆಯ ಮೊದಲ ಎರಡು ಬೀಜದಳಗಳು ಅಗಲವಾಗಿ, ತುದಿಯಲ್ಲಿ ಕಚ್ಚುಳ್ಳವಾಗಿ, ಹೃದಯದ ಆಕಾರದಲ್ಲಿರುತ್ತವೆ. ದತ್ತೂರಿಯವು ಹುಲ್ಲಿನೆಸಳಿನಂತೆ ಕಿರಿದಾಗಿ ನೀಳವಾಗಿರುತ್ತವೆ. ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ದತ್ತೂರಿಯ ಹೊಸ ಬೀಜವು ಕೂಡಲೇ ಮೊಳೆಯದೆ ಬಹುಕಾಲ ಸುಪ್ತವಾಗಿರುವ ಸ್ವಭಾವದ್ದು. ಬಿತ್ತಿದ ಕಾಳುಗಳಲ್ಲಿ ಸಾಸಿವೆ ಮಾತ್ರ ಮೊಳೆತುದನ್ನು ಕಂಡು ಬೆರಕೆಯಿಲ್ಲವೆಂದು ಹೇಳಿದರೆ ಅದು ಅಪಸಿದ್ಧಾಂತವಾದೀತು. ವಸ್ತುವು ಕಾಣದಿರುವುದರಿಂದ ಅದರ ಅಭಾವವು ಸಿದ್ಧವಾಗಬೇಕಾದರೆ, ಅದು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯು ಇರಬೇಕು. ಮೀಮಾಂಸಕರೂ ವೇದಾಂತಿಗಳೂ ಹೇಳುವ ಯೋಗ್ಯಾನುಪಲಬ್ಧಿಯು ಇದೇ. ಕತ್ತಲೆಯ ಕೋಣೆಯಲ್ಲಿ ಕೊಡವು ಕಾಣದ ಮಾತ್ರಕ್ಕೆ ಕೊಡವಿಲ್ಲವೆನ್ನಲಾಗದು. ಸುಪ್ತಬೀಜವು ಮೊಳೆಯದ ಮಾತ್ರಕ್ಕೆ ಬೀಜವೇ ಇಲ್ಲವೆನ್ನಲೂ ಆಗದು.

೩

ಗಿಡವು ಹೂಬಿಟ್ಟಾಗ ನಿರ್ಣಯಕ್ಕೆ ಸರಿಯಾದ ಕಾಲ. ಎಲೆಯು ನೆಲ, ನೀರು, ಬಿಸಿಲುಗಳಿಗೆ ಅನುಸಾರವಾಗಿ ಬಹಳ ವ್ಯತ್ಯಾಸ ಹೊಂದುತ್ತದೆ; ಹೂವಿನ ಮತ್ತು ಕಾಯಿಯ ರಚನೆಯು ಅಷ್ಟಾಗಿ ಬದಲಾಗದು. ಆದಕಾರಣವೇ ಸಸ್ಯಶಾಸ್ತ್ರದಲ್ಲಿ ಪುಷ್ಪಲಕ್ಷಣಕ್ಕೆ ಪ್ರಾಧಾನ್ಯವು ಬಂದಿದೆ.

ದತ್ತೂರಿಯ ಗಿಡವು ಸುಮಾರು ಒಂದು ಮೀಟರಿನವರೆಗೆ ಬೆಳೆಯುತ್ತದೆ. ಎಲೆಗೆ ತೊಟ್ಟಿಲ್ಲ, ಅದರ ಬುಡವು ಕಾಂಡವನ್ನು ಅರ್ಧ ತಬ್ಬಿಕೊಂಡಿರುತ್ತದೆ. ಎಲೆಯ ಅಂಚು ಆಳವಾಗಿ ಸೀಳಿ, ಪ್ರತಿಯೊಂದು ಹಲ್ಲಿನ ತುದಿಯಲ್ಲಿಯೂ ಮುಳ್ಳಿದೆ; ನರಗಳ ಉದ್ದಕ್ಕೂ ಬೂದಿಬಿಳುಪಿನ ಪಟ್ಟೆಗಳಿವೆ. ಯಾವ ಭಾಗವನ್ನು ಮುರಿದರೂ ಹಳದಿಯ ಹಾಲು ಒಸರುತ್ತದೆ. ಮೊಗ್ಗನ್ನು ಮುಚ್ಚಿರುವ ಹೊರದಳಗಳು ಎರಡು ಅಥವಾ ಮೂರು. ಅವುಗಳ ತುದಿಯಲ್ಲಿ ಕೊಂಬಿನಂಥ ಮುಳ್ಳಿರುತ್ತದೆ. ಹೂವು ಅರಳಿದೊಡನೆ ಅವು ಉದುರುತ್ತವೆ. ಹೊಳೆಯುವ ಹಳದಿಯ ಎಸಳುಗಳು ಸಾಮಾನ್ಯವಾಗಿ ಆರು, ಮೂರು ಮೂರರಂತೆ ಎರಡು ಸುತ್ತಿನಲ್ಲಿ ಜೋಡಿಸಿವೆ. ಕೇಸರಗಳು ಅನೇಕ. ನಡುವೆ ಕೆಂಪು ಬಣ್ಣದ, ನಾಲ್ಕರಿಂದ ಆರು ಸೀಳುಗಳುಳ್ಳ ಶಲಾಕಾಗ್ರವಿದೆ. ಕಾಯಿಯ ಮೈಯೆಲ್ಲ ಮುಳ್ಳು. ಬಲಿತಾಗ ಅದು ಮೇಲುತುದಿಯಲ್ಲಿ ಸೀಳಿ ತೆರೆದು ಬೀಜಗಳನ್ನು ಚೆಲ್ಲುತ್ತದೆ.

ಇದಕ್ಕೆ ಪ್ರತಿಯಾಗಿ ಸಾಸಿವೆಯ ಹೂವಿನಲ್ಲಿ ನಾಲ್ಕೇ ಎಸಳುಗಳು ಶಿಲುಬೆಯಂತೆ ಎದುರುಬದುರಾಗಿವೆ. ಕೇಸರಗಳು ಆರು; ಅವುಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಕಾಯಿಯು ನೀಳವಾದ ಸಿಪ್ಪೆಕಾಯಿ. ಅದರ ಒಳಗೆ ತೆಳುವಾದ ಅಡ್ಡಗೋಡೆಯಿದೆ. ಸಾಸಿವೆಗೆ ಬಣ್ಣದ ಹಾಲೂ ಇಲ್ಲ, ಮುಳ್ಳೂ ಇಲ್ಲ. ಹೊರದಳಗಳು ಬೇಗ ಉದುರುವುದು, ಕೇಸರಗಳು ಬಹುಸಂಖ್ಯೆಯಲ್ಲಿರುವುದು, ಹಾಲಿರುವುದು ಈ ಮೂರರಿಂದ ದತ್ತೂರಿಯು ಗಸಗಸೆಯ ಕುಟುಂಬಕ್ಕೆ ಸೇರಿದುದೆಂದು ತಿಳಿಯುತ್ತದೆ. ಸಾಸಿವೆಯ ಕುಟುಂಬವೇ ಬೇರೆ.

೪

ಈ ಲಕ್ಷಣಗಳನ್ನು ಹೇಗೆ ಬಳಸಬೇಕೆಂಬುದನ್ನು ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಸುಲಭವಾಗಿ ವಿವರಿಸಬಹುದು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳು. ‘ಹಳದಿಯ ಹೂವುಳ್ಳದ್ದು ದತ್ತೂರಿ’ ಎಂದರೆ ಸಾಸಿವೆಗೂ ಹುಚ್ಚೆಳ್ಳಿಗೂ ಲಕ್ಷಣವು ಹೋಗಿ ಅತಿವ್ಯಾಪ್ತಿಯಾಗುತ್ತದೆ. ‘ಆರು ಎಸಳುಗಳುಳ್ಳದ್ದು’ ಎಂದು ನಿಯಮಿಸಿದರೆ, ಕೆಲವು ವೇಳೆ ನಾಲ್ಕು ಅಥವಾ ಐದು ಎಸಳುಗಳುಳ್ಳ ಹೂವೂ ಅದೇ ಗಿಡದಲ್ಲಿ ದೊರೆಯುವುದರಿಂದ ಅವ್ಯಾಪ್ತಿಯಾಗುತ್ತದೆ. ‘ಆರೇ ಕೇಸರಗಳುಳ್ಳದ್ದು’ ಎಂದರೆ ಅದು ಯಾವ ದತ್ತೂರಿಯಲ್ಲಿಯೂ ಇಲ್ಲದುದರಿಂದ ಅಸಂಭವ.

‘ಮುಳ್ಳೆಲೆಯೂ ಹಳದಿಯ ಹೂವೂ ಉಳ್ಳದ್ದು’ ಎಂದು ಎರಡನ್ನು ಸೇರಿಸಿದರೂ ದೋಷವು ಪೂರ್ಣವಾಗಿ ಪರಿಹಾರವಾಗುವುದಿಲ್ಲ. ಬಿಜಾಪುರ, ಧಾರವಾಡ ಮೊದಲಾದ ಸೀಮೆಗಳ ಎರೆಹೊಲಗಳಲ್ಲಿ ಬೆಳೆಯುವ ಕುಸುಬೆಯು ಆ ಲಕ್ಷಣದೊಳಗೆ ನುಗ್ಗುತ್ತದೆ. ಆದರೆ ಕುಸುಬೆಯಲ್ಲಿ ಒಂದು ಹೂವೆಂದು ತೋರುವುದು ವಾಸ್ತವವಾಗಿ ಅನೇಕ ಕಿರುಹೂಗಳ ಗೊಂಚಲು. ಅದಕ್ಕೆ ಹಳದಿಯ ಹಾಲೂ ಇಲ್ಲ. ಆದುದರಿಂದ ‘ಹಳದಿಯ ಹಾಲು, ಮುಳ್ಳಿನ ಎಲೆ, ಬಿಡಿಬಿಡಿಯಾದ ಎಸಳುಗಳ ಒಂಟಿಹೂ, ಅನೇಕ ಕೇಸರ, ಮುಳ್ಳುಕಾಯಿ’ ಎಂಬ ಲಕ್ಷಣಸಮುದಾಯವನ್ನು ಹೇಳಿದಾಗ ಮಾತ್ರ ಈ ನಾಡಿನ ಹೊಲಗಳಲ್ಲಿ ಬೆರಕೆಯಾಗಿ ಹುಟ್ಟುವ ಇತರ ಗಿಡಗಳಿಂದ ವ್ಯಾವೃತ್ತಿಯು ಸಿದ್ಧಿಸುತ್ತದೆ.

ಪಾಶ್ಚಾತ್ಯ ಸಸ್ಯಶಾಸ್ತ್ರದಲ್ಲಿ ಫ್ರಾನ್ಸ್ ದೇಶದ ಲಾಮಾರ್ಕನು ೧೭೭೮ರಲ್ಲಿ ತನ್ನ ದೇಶದ ಸಸ್ಯಗಳನ್ನು ಕುರಿತ ಗ್ರಂಥದಲ್ಲಿ ಇದೇ ವ್ಯಾವರ್ತನಕ್ರಮವನ್ನು ಅಚ್ಚುಕಟ್ಟಾದ ಸೋಪಾನವನ್ನಾಗಿ ಮಾಡಿದನು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಪರಸ್ಪರ ವಿರುದ್ಧವಾದ ಎರಡು ಲಕ್ಷಣಗಳನ್ನು ಕೊಟ್ಟು, ಕೈಯಲ್ಲಿರುವ ಗಿಡಕ್ಕೆ ಒಪ್ಪುವುದನ್ನು ಹಿಡಿಯುತ್ತಲೂ ಒಪ್ಪದುದನ್ನು ಬಿಡುತ್ತಲೂ ಹೋದರೆ ಕೊನೆಗೆ ಒಂದೇ ಹೆಸರು ಉಳಿಯುತ್ತದೆ. ಇದರಲ್ಲಿ ಹೆಸರು ಕಡೆಯಲ್ಲಿ ಬರುತ್ತದೆಯೇ ಹೊರತು ಮೊದಲಲ್ಲಿ ಬರುವುದಿಲ್ಲ ಎಂಬುದು ವಿಶೇಷವಾಗಿ ನೆನಪಿಡತಕ್ಕ ಅಂಶ.

೫

ಹೆಸರನ್ನು ಮೊದಲಿಟ್ಟುಕೊಂಡು ಹೊರಟರೆ ಆಗುವ ತೊಡಕನ್ನು ದೇಶಭಾಷೆಗಳ ನಾಮಗಳಲ್ಲಿಯೇ ಕಾಣಬಹುದು. ಉಮ್ಮತ್ತ ಎಂಬುದು ಸಂಸ್ಕೃತದ ಉನ್ಮತ್ತ ಶಬ್ದದ ತದ್ಭವ. ದತ್ತೂರಿಯೆಂಬುದು ಧತ್ತೂರ ಶಬ್ದಕ್ಕೆ ಸಂಬಂಧಿಸಿದುದು. ಇವೆರಡೂ ಮೂಲದಲ್ಲಿ ಶಿವಪೂಜೆಗೆ ಬಳಸುವ ಉಮ್ಮತ್ತಿಯ ಹೆಸರುಗಳು. ಉಮ್ಮತ್ತಿಯ ಹೂವು ಆಲಿಕೆಯ ಆಕಾರದ್ದು. ಅದರ ಎಸಳುಗಳು ಒಂದಕ್ಕೊಂದು ಕೂಡಿಕೊಂಡಿವೆ. ಅದಕ್ಕೆ ಹಳದಿಯ ಹಾಲಿಲ್ಲ. ಎರಡು ಗಿಡಗಳಿಗೂ ಇರುವ ಮುಖ್ಯವಾದ ಸಾಮ್ಯವೆಂದರೆ ಕಾಯಿಯ ಮುಳ್ಳು. ಆ ಒಂದು ಸಾದೃಶ್ಯದಿಂದ ಜನರು ಹೊಸಗಿಡಕ್ಕೆ ಹಳೆಯ ಹೆಸರನ್ನು ಕೊಟ್ಟು, ಹೂವಿನ ಬಣ್ಣವನ್ನು ಸೂಚಿಸಲು ‘ಅರಿಶಿನ’ ಎಂಬ ವಿಶೇಷಣವನ್ನು ಸೇರಿಸಿದರು. ಇದು ಗೌಣವಾದ ಪ್ರಯೋಗವೇ ಹೊರತು ಮುಖ್ಯಾರ್ಥವಲ್ಲ.

ಮರಾಠಿಯಲ್ಲಿ ಇದಕ್ಕೆ ಫಿರಂಗಿ ಧೋತ್ರಾ ಎಂಬ ಹೆಸರುಂಟು; ಪಿರಂಗಿ ದತ್ತೂರಿಯೆಂಬುದು ಕನ್ನಡದಲ್ಲಿಯೂ ಕೇಳಿಬರುತ್ತದೆ. ಪಪ್ಪಾಯಿಯನ್ನು ಪರಂಗಿಹಣ್ಣು ಎನ್ನುವಂತೆಯೇ, ಸಮುದ್ರದ ಆಚೆಯಿಂದ ಬಂದುದೆಂಬ ಜನರ ನೆನಪನ್ನು ಈ ವಿಶೇಷಣವು ಕಾಪಾಡಿಕೊಂಡಿದೆ. ಪಂಡಿತರು ಮರೆತುದನ್ನು ಹಳ್ಳಿಯ ಮಾತು ಮರೆತಿಲ್ಲ.

ತೆಲುಗು ತಮಿಳುಗಳಲ್ಲಿ ಇದನ್ನು ಬ್ರಹ್ಮದಂಡಿ, ಬ್ರಹ್ಮದಂಡು ಎನ್ನುತ್ತಾರೆ. ಆದರೆ ಪಶ್ಚಿಮ ಭಾರತದಲ್ಲಿ ಬ್ರಹ್ಮದಂಡಿಯೆಂದರೆ ಸೇವಂತಿಗೆಯ ಕುಟುಂಬಕ್ಕೆ ಸೇರಿದ ಬೇರೊಂದು ಮೂಲಿಕೆ. ಕನ್ನಡದ ಬ್ರಹ್ಮದಂಡೆಯು ಗುಂಡುಗುಂಡಾದ ಮುಳ್ಳುಹೂವಿನ ಇನ್ನೊಂದು ಗಿಡ. ಹೀಗೆ ಒಂದೇ ಹೆಸರು ಮೂರು ಗಿಡಗಳಿಗೆ ನಡೆಯುವಾಗ, ಬ್ರಹ್ಮದಂಡಿಯೆಂದು ಬರೆದು ಕಳುಹಿಸಿದ ಪತ್ರಕ್ಕೆ ಪ್ರತಿಯಾಗಿ ಯಾವ ಬೇರು ಬಂದೀತೆಂಬುದು ಅಂಗಡಿಯ ಊರನ್ನು ಅವಲಂಬಿಸಿರುತ್ತದೆ.

೬

ಇನ್ನು ಸ್ವರ್ಣಕ್ಷೀರೀ ಶಬ್ದದ ವಿಚಾರ. ದತ್ತೂರಿಯೇ ಪ್ರಾಚೀನರ ಸ್ವರ್ಣಕ್ಷೀರಿಯೆಂದು ಆಧುನಿಕ ಗ್ರಂಥಗಳಲ್ಲಿ ಅನೇಕ ಕಡೆ ಬರೆದಿರುತ್ತದೆ. ‘ಬಂಗಾರದ ಬಣ್ಣದ ಹಾಲುಳ್ಳದ್ದು’ ಎಂಬ ಯೋಗಾರ್ಥವು ಈ ಗಿಡದಲ್ಲಿ ಕಣ್ಣಿಗೆ ಕಟ್ಟುವಂತೆ ಹೊಂದುವುದೇ ಇದಕ್ಕೆ ಕಾರಣ. ಆದರೆ ಯೋಗಾರ್ಥವು ಹೊಂದಿದ ಮಾತ್ರಕ್ಕೆ ವಾಚ್ಯವು ನಿರ್ಣಯವಾಗುವುದಿಲ್ಲ. ಪಂಕದಲ್ಲಿ ಹುಟ್ಟುವುದೆಲ್ಲವೂ ಪಂಕಜವಾಗದು. ಯೋಗಕ್ಕೆ ರೂಢಿಯ ನಿಯಮನವು ಬೇಕು.

ಆ ರೂಢಿಯನ್ನು ತಿಳಿಸುವ ಗ್ರಂಥಗಳನ್ನು ನೋಡಬೇಕು. ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಭೇದನೀಯಗಣದ ಹತ್ತು ದ್ರವ್ಯಗಳಲ್ಲಿ ಸ್ವರ್ಣಕ್ಷೀರಿಣಿಯು ಪಠಿತವಾಗಿದೆ. ಅಮರಸಿಂಹನು ವನೌಷಧಿವರ್ಗದಲ್ಲಿ ಸ್ವರ್ಣಕ್ಷೀರಿಗೆ ಹೈಮವತೀ, ಹಿಮಾವತೀ ಮೊದಲಾದ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಹದಿನಾರನೆಯ ಶತಮಾನದ ಭಾವಮಿಶ್ರನು ಅವುಗಳಿಗೆ ಇನ್ನೂ ಕೆಲವನ್ನು ಸೇರಿಸಿ, ಅದರ ಬೇರಿಗೆ ಚೋಕವೆಂದು ಹೆಸರೆಂದು ಹೇಳುತ್ತಾನೆ.

ಆರ್ಜಿಮೋನೆ ಕುಲದಲ್ಲಿ ಸುಮಾರು ಮೂವತ್ತು ಜಾತಿಗಳುಂಟು. ಅವೆಲ್ಲಕ್ಕೂ ಸಹಜವಾದ ನೆಲೆ ಅಮೆರಿಕಾಖಂಡಗಳು ಮತ್ತು ಹವಾಯಿ ದ್ವೀಪಗಳು. ಭಾರತದಲ್ಲಿ ಹುಟ್ಟಿದ ಜಾತಿಯು ಒಂದೂ ಇಲ್ಲ. ಕೊಲಂಬಸನು ಅಮೆರಿಕಾದ ತೀರವನ್ನು ಮುಟ್ಟಿದುದು ೧೪೯೨ರಲ್ಲಿ. ಪೋರ್ತುಗೀಸರು ಕಲ್ಲಿಕೋಟೆಗೆ ಬಂದುದು ೧೪೯೮ರಲ್ಲಿ, ಗೋವೆಯನ್ನು ಹಿಡಿದುದು ೧೫೧೦ರಲ್ಲಿ. ಹೀಗಿರಲಾಗಿ ಅದಕ್ಕಿಂತ ಅನೇಕ ಶತಮಾನಗಳ ಹಿಂದಿನ ಚರಕಸಂಹಿತೆಯೂ ಅಮರಕೋಶವೂ ಮೆಕ್ಸಿಕೋ ದೇಶದ ಗಿಡವನ್ನು ಹೇಳುವುದು ಹೇಗೆ ಸಂಭವಿಸೀತು?

ಪರ್ಯಾಯನಾಮಗಳ ಸ್ವಾರಸ್ಯವೂ ಇದಕ್ಕೆ ಅನುಕೂಲವಾಗಿದೆ. ಹೈಮವತೀ ಎಂಬುದು ಹಿಮವತ್ ಶಬ್ದದ ಮೇಲೆ ತದ್ಧಿತಪ್ರತ್ಯಯವು ಬಂದು, ‘ಹಿಮವತ್ಪರ್ವತದಲ್ಲಿ ಹುಟ್ಟಿದ್ದು’ ಎಂಬ ಅರ್ಥವನ್ನು ಕೊಡುತ್ತದೆ. ಹೇಮವತ್ ಶಬ್ದದಿಂದಲೂ ಅದೇ ರೂಪವನ್ನು ಸಾಧಿಸಬಹುದೆಂದು ಒಬ್ಬರು ಹೇಳಿದರೂ, ಜೊತೆಯಲ್ಲಿಯೇ ಪಠಿತವಾದ ಹಿಮಾವತೀ ಶಬ್ದದಲ್ಲಿ ಹಿಮವು ಸ್ಪಷ್ಟವಾಗಿರುವುದರಿಂದ ಮೊದಲಿನ ಅರ್ಥವೇ ಬಲವುಳ್ಳದ್ದು. ದತ್ತೂರಿಯು ಬಯಲುನಾಡಿನ ಕಳೆಯೆಂಬುದು ಪ್ರಸಿದ್ಧ. ಈ ಕಾರಣದಿಂದ ಹಿಮಾಲಯದಲ್ಲಿ ಬೆಳೆಯುವ ಯೂಫೋರ್ಬಿಯಾ ಕುಲದ, ಎಂದರೆ ಕಳ್ಳಿಯ ಬಂಧುವಾದ, ಒಂದು ಮೂಲಿಕೆಯೇ ಸ್ವರ್ಣಕ್ಷೀರಿಯೆಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಆದರೆ ಹೈಮವತೀ ಶಬ್ದವೊಂದನ್ನೇ ಪ್ರಮಾಣವಾಗಿ ಹಿಡಿಯುವಂತಿಲ್ಲ. ಅಮರಕೋಶದಲ್ಲಿಯೇ ಅದು ಅಳಲೆಕಾಯಿಯ ಹೆಸರೂ ಆಗಿದೆ. ಸ್ವರ್ಣಕ್ಷೀರಿಯು ದತ್ತೂರಿಯಲ್ಲವೆಂಬ ನಿಷೇಧವು ಸಿದ್ಧ. ಅದು ಇಂಥದೇ ಎಂಬ ವಿಧಿಗೆ ಇನ್ನೂ ಹೆಚ್ಚಿನ ಪ್ರಮಾಣವು ಬೇಕು.

೭

ಇದರ ಮೇಲೆ ಕೆಲವು ಆಕ್ಷೇಪಗಳು ಹುಟ್ಟುತ್ತವೆ. ಭಾವಮಿಶ್ರನು ಪೋರ್ತುಗೀಸರ ಕಾಲದವನು, ಫಿರಂಗರೋಗವನ್ನು ಹೇಳಿದವನು. ಅವನಾದರೂ ಈ ಹೊಸಗಿಡವನ್ನೇ ಉದ್ದೇಶಿಸಿರಬಾರದೇಕೆ? ಇದಕ್ಕೆ ಸಮಾಧಾನವು ಅವನ ಗ್ರಂಥದಲ್ಲಿಯೇ ಇದೆ. ಹೊರಗಿನಿಂದ ಬಂದ ರೋಗವನ್ನು ಅವನು ಹೊರಗಿನವರ ಹೆಸರಿನಿಂದಲೇ ವ್ಯವಹರಿಸಿದನು. ಸ್ವರ್ಣಕ್ಷೀರಿಯ ವಿಷಯದಲ್ಲಿ ಹಾಗೆ ಮಾಡದೆ ಪೂರ್ವನಿಘಂಟುಗಳ ನಾಮಪರಂಪರೆಯನ್ನೇ ಅನುವಾದಮಾಡಿದ್ದಾನೆ. ಆದುದರಿಂದ ಅವನ ಮನಸ್ಸಿನಲ್ಲಿದ್ದುದು ಪ್ರಾಚೀನರ ದ್ರವ್ಯವೇ ಎಂದು ಊಹಿಸುವುದು ನ್ಯಾಯ.

ಉತ್ತರ ಭಾರತದ ಕೆಲವು ಪ್ರಾಚೀನ ನಿವೇಶನಗಳ ಉತ್ಖನನದಲ್ಲಿ ಈ ಗಿಡದ ಬೀಜಗಳು ದೊರೆತವೆಂಬ ವರದಿಗಳುಂಟು. ಅವುಗಳನ್ನು ಆಧಾರಮಾಡಿಕೊಂಡು ಕೊಲಂಬಸನಿಗಿಂತ ಮೊದಲೇ ಇದು ಇಲ್ಲಿಗೆ ಬಂದಿತ್ತೆಂದು ವಾದಿಸುವವರೂ ಇದ್ದಾರೆ. ಈ ವಾದಕ್ಕೆ ಸಸ್ಯಶಾಸ್ತ್ರಜ್ಞರ ಸಾಮಾನ್ಯವಾದ ಒಪ್ಪಿಗೆಯು ದೊರೆತಿಲ್ಲ. ಸಣ್ಣ ಬೀಜಗಳು ಇಲಿಯ ಬಿಲ, ಇರುವೆಯ ಗೂಡು, ನೆಲದ ಬಿರುಕುಗಳ ಮೂಲಕ ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಇಳಿಯುವ ಸಂಭವವನ್ನು ಮೊದಲು ಪರಿಹರಿಸಬೇಕು. ಒಂದು ವೇಳೆ ಆ ಬೀಜಗಳು ಪ್ರಾಚೀನವೆಂದೇ ಒಪ್ಪಿದರೂ ಗಿಡವು ಇದ್ದಿತೆಂಬುದಷ್ಟೇ ಸಿದ್ಧವಾಗುತ್ತದೆ; ಅದರ ಹೆಸರು ಸ್ವರ್ಣಕ್ಷೀರಿಯಾಗಿತ್ತೆಂಬುದು ಬೀಜದಿಂದ ಸಿದ್ಧವಾಗದು.

ಹಳೆಯ ಹೆಸರನ್ನು ಹೊಸಗಿಡಕ್ಕೆ ಕೊಡುವುದು ಯೂರೋಪಿನ ಪಂಡಿತರಲ್ಲಿಯೂ ಉಂಟಲ್ಲವೇ ಎಂಬುದು ಮೂರನೆಯ ಆಕ್ಷೇಪ. ಉಂಟು. ಆರ್ಜಿಮೋನೆ ಎಂಬುದು ಗ್ರೀಕರು ಕಣ್ಣಿನ ಪೊರೆಗೆ ಔಷಧವಾಗಿ ಬಳಸುತ್ತಿದ್ದ, ಗಸಗಸೆಯನ್ನು ಹೋಲುವ ಬೇರೊಂದು ಗಿಡದ ಹೆಸರು. ಲಿನೇಯಸನ ೧೭೫೩ರ ಗ್ರಂಥದಲ್ಲಿ ಅದು ಅಮೆರಿಕಾದ ಗಿಡಕ್ಕೆ ಸ್ಥಿರವಾಯಿತು. ಆದರೆ ಅಲ್ಲಿ ಹೆಸರಿನ ಜೊತೆಗೆ ‘ಮೆಕ್ಸಿಕೋದ್ದು’ ಎಂಬ ವಿಶೇಷಣವೂ ಲಕ್ಷಣವಾಕ್ಯವೂ ಸೇರಿವೆ. ಇಂಥ ಹೆಸರುಗಳಿಗೆ ಒಣಗಿಸಿಟ್ಟ ಮಾದರಿಯೋ ಚಿತ್ರವೋ ಸಾಕ್ಷಿಯಾಗಿರಬೇಕೆಂಬುದು ಇಂದಿನ ಸಸ್ಯಶಾಸ್ತ್ರದ ನಿಯಮ. ಸಂಕೇತವು ಹೊಸದೆಂದು ಬಹಿರಂಗವಾಗಿ ಹೇಳಿದ ಮೇಲೆ ಭ್ರಾಂತಿಗೆ ಎಡೆಯಿಲ್ಲ. ಗ್ರೀಕರ ಔಷಧಗುಣವನ್ನು ಈ ಗಿಡಕ್ಕೆ ಆರೋಪಿಸಿದರೆ ಆಗ ಅದು ದೋಷವಾದೀತು. ಸ್ವರ್ಣಕ್ಷೀರಿಯ ವಿಷಯದಲ್ಲಿ ಆಗಿರುವುದು ಅದೇ ದೋಷ: ಹೆಸರಿನೊಡನೆ ಚರಕನು ಹೇಳಿದ ಗುಣವೂ ವರ್ಗಾವಣೆಯಾಗಿ, ವಿಷಬೀಜದ ಗಿಡವು ಪ್ರಾಚೀನಪ್ರಮಾಣದ ರಕ್ಷೆಯನ್ನು ಪಡೆದುಕೊಂಡಿದೆ.

೮

ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿ, ಆಡು ಕುರಿ ದನಗಳನ್ನು ಕಾಯುವವರೂ ವನವಾಸಿಗಳೂ ಓಷಧಿಗಳನ್ನು ಹೆಸರಿನಿಂದಲೂ ರೂಪದಿಂದಲೂ ಬಲ್ಲರೆಂದು ಹೇಳಿ, ಅಷ್ಟರಿಂದಲೇ ಅವುಗಳ ಪ್ರಯೋಗಜ್ಞಾನವು ಬಾರದೆಂದೂ ಎಚ್ಚರಿಸಿದೆ. ನಾಮ, ರೂಪ, ಪ್ರಯೋಗ ಎಂಬ ಈ ಮೂರು ಮೆಟ್ಟಿಲುಗಳಲ್ಲಿ ರೂಪವನ್ನು ಹಾರಿಸಿ, ನಾಮದಿಂದ ನೇರವಾಗಿ ಪ್ರಯೋಗಕ್ಕೆ ನೆಗೆಯುವುದೇ ಪಂಡಿತರಿಗೆ ಒದಗುವ ಅಪಾಯ. ಕುರಿಯ ಕುರುಬನು ಹೆಸರನ್ನು ಕೇಳಿದರೆ ಗಿಡವನ್ನು ತೋರಿಸುತ್ತಾನೆ. ಪಂಡಿತನು ಹೆಸರನ್ನು ಕೇಳಿದರೆ ಇನ್ನೊಂದು ಹೆಸರನ್ನು ಹೇಳುತ್ತಾನೆ.

ಆದುದರಿಂದ ಸಸ್ಯನಾಮಗಳಿಗೆ ಅರ್ಥ ಬರೆಯುವವರು ಒಂದು ಕ್ರಮವನ್ನು ಅನುಸರಿಸುವುದು ಯುಕ್ತ. ಮೂಲಗ್ರಂಥವೇ ಆ ಗಿಡದ ರೂಪ, ಋತು, ನೆಲೆಗಳನ್ನು ಕುರಿತು ಏನನ್ನು ಹೇಳಿದೆಯೆಂಬುದನ್ನು ಮೊದಲು ಸಂಗ್ರಹಿಸಬೇಕು. ಅನಂತರ ವ್ಯಾಖ್ಯಾನಗಳನ್ನೂ ನಿಘಂಟುಗಳನ್ನೂ ಕಾಲಾನುಕ್ರಮದಿಂದ ನೋಡಬೇಕು. ಆಮೇಲೆ ದೇಶಭಾಷೆಯ ಹೆಸರುಗಳನ್ನು, ಯಾವ ಸೀಮೆಯಲ್ಲಿ ಯಾವ ಗಿಡಕ್ಕೆ ನಡೆಯುತ್ತವೆಂಬುದರೊಡನೆ, ಸೇರಿಸಬೇಕು. ಕೊನೆಗೆ ಹೂವು ಕಾಯಿಗಳುಳ್ಳ ಗಿಡವನ್ನೇ ಎದುರಿಗೆ ಇಟ್ಟುಕೊಂಡು, ಆ ಜಾತಿಯು ಗ್ರಂಥದ ಕಾಲದಲ್ಲಿ ಈ ದೇಶದಲ್ಲಿ ಇದ್ದುದು ಸಂಭವವೇ ಎಂದು ವಿಚಾರಿಸಬೇಕು. ಈ ನಾಲ್ಕೂ ಒಂದೆಡೆ ಕೂಡಿದಲ್ಲಿ ಅರ್ಥವನ್ನು ಬರೆಯಬಹುದು. ಕೂಡದಿದ್ದಲ್ಲಿ ‘ಒಂದು ಬಗೆಯ ಮೂಲಿಕೆ’ ಎಂದು ಬರೆಯುವುದರಲ್ಲಿ ಪಾಂಡಿತ್ಯಕ್ಕೆ ಕುಂದೇನೂ ಇಲ್ಲ.

ಪಾಠ ಹೇಳುವ ಉಪಾಧ್ಯಾಯರಿಗೂ ಇದರಿಂದ ಒಂದು ಸೌಕರ್ಯವುಂಟು. ಒಂದು ಹಿಡಿ ಸಾಸಿವೆಯನ್ನೂ ದಾರಿಯ ಬದಿಯ ದತ್ತೂರಿಯ ಒಂದು ಕಾಯನ್ನೂ ಭೂತಗನ್ನಡಿಯನ್ನೂ ಮೇಜಿನ ಮೇಲೆ ಇಟ್ಟರೆ, ಅತಿವ್ಯಾಪ್ತಿ ಅವ್ಯಾಪ್ತಿಗಳ ಸ್ವರೂಪವು ವಿದ್ಯಾರ್ಥಿಗಳಿಗೆ ಕಂಠಪಾಠಕ್ಕಿಂತ ಬೇಗ ಮನದಟ್ಟಾಗುತ್ತದೆ. ಆ ಬೀಜವನ್ನು ಬಾಯಿಗೆ ಹಾಕಿಕೊಳ್ಳಬಾರದೆಂದು ಮಾತ್ರ ಮೊದಲೇ ತಿಳಿಸತಕ್ಕದ್ದು.